ಮೆಟ್ಟಿಲಿಗೊಂದು ಬಿರುದು

ಮನುಷ್ಯನು ಏರುವ ಮೆಟ್ಟಿಲುಗಳನ್ನು ಗುರುತಿಸುವುದಕ್ಕೆ ಎರಡು ಬಗೆಗಳುಂಟು. ಒಂದು, ಎರಡು, ಮೂರು ಎಂದು ಅಂಕೆ ಹಾಕುತ್ತ ಹೋಗುವುದು ಒಂದು ಬಗೆ. ಪ್ರತಿಯೊಂದು ಮೆಟ್ಟಿಲಿಗೂ ಹೆಸರಿಟ್ಟು ಕರೆಯುವುದು ಇನ್ನೊಂದು ಬಗೆ. ಎಷ್ಟು ಎತ್ತರಕ್ಕೆ ಏರಿದ್ದಾನೆ ಎಂಬುದನ್ನು ಅಂಕೆ ತಿಳಿಸುತ್ತದೆ. ಏರಿ ನಿಂತವನು ಎಂಥವನು ಎಂಬುದನ್ನು ಹೆಸರು ತಿಳಿಸುತ್ತದೆ.

ನಮ್ಮ ನಾಡಿನವರಿಗೆ ಹೆಸರಿನ ಮೇಲೆ ಮೊದಲಿನಿಂದಲೂ ಒಲವು ಹೆಚ್ಚು. ವೀರಶೈವರು ಸಾಧಕನ ದಾರಿಯನ್ನು ಆರು ಸ್ಥಲಗಳಾಗಿ ವಿಂಗಡಿಸಿದರು. ಅವಕ್ಕೆ ಒಂದನೆಯದು, ಎರಡನೆಯದು ಎನ್ನದೆ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಹೆಸರಿಟ್ಟರು. ಜೈನರು ಜೀವನು ಏರಬೇಕಾದ ಹದಿನಾಲ್ಕು ಗುಣಸ್ಥಾನಗಳನ್ನು ಮಿಥ್ಯಾದೃಷ್ಟಿಯಿಂದ ಅಯೋಗಕೇವಲಿಯವರೆಗೆ ಹೆಸರಿಸಿದರು. ಆ ಸೋಪಾನದಲ್ಲಿ ಒಂದು ಸ್ವಾರಸ್ಯವಿದೆ. ಮೋಹವನ್ನು ಬೇರುಸಹಿತ ಕೀಳದೆ ಬರಿದೆ ಅಡಗಿಸಿಕೊಂಡು ಏರಿದವನು ಹನ್ನೊಂದನೆಯದಾದ ಉಪಶಾಂತಮೋಹವನ್ನು ಮುಟ್ಟಿ ಕೆಳಗೆ ಜಾರಲೇಬೇಕು. ಮೋಹವನ್ನು ಕ್ಷಯಗೊಳಿಸಿದವನು ಹತ್ತರಿಂದ ನೇರವಾಗಿ ಹನ್ನೆರಡಕ್ಕೆ ಸಾಗುತ್ತಾನೆ. ‘ಹನ್ನೊಂದು’ ಎಂಬ ಅಂಕೆಯನ್ನು ಮಾತ್ರ ಬರೆದಿಟ್ಟಿದ್ದರೆ ಈ ಎಚ್ಚರಿಕೆ ಯಾರಿಗೆ ತಿಳಿಯುತ್ತಿತ್ತು? ‘ಉಪಶಾಂತ’ ಎಂಬ ಹೆಸರಿನಲ್ಲಿಯೇ ಅದು ಅಡಗಿದೆ. ಇನ್ನು ನಮ್ಮ ಕಾಲಕ್ಕೆ ಬಂದರೆ, ಕನ್ನಡ ಸಾಹಿತ್ಯ ಪರಿಷತ್ತು ತನ್ನ ಪರೀಕ್ಷೆಗಳನ್ನು ಪ್ರವೇಶ, ಕಾವ, ಜಾಣ, ರತ್ನ ಎಂದು ಕರೆದಿದೆ. ‘ರತ್ನ ಮುಗಿಸಿದ್ದೇನೆ’ ಎನ್ನುವ ಉಪಾಧ್ಯಾಯರ ದನಿಯಲ್ಲಿ ಕೇಳುವ ತೃಪ್ತಿ, ‘ನಾಲ್ಕನೆಯದು ಮುಗಿಸಿದ್ದೇನೆ’ ಎಂದರೆ ಕೇಳಿಸದು.

ಈ ವಿಚಾರವನ್ನು ಈಗ ಎತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು. ಚಾಮರಾಜನಗರದ ನಮ್ಮ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು, ಗುಂಡ್ಲುಪೇಟೆಯಿಂದ ದಿನವೂ ಬಸ್ಸಿನಲ್ಲಿ ಬರುವವರೂ ಸೇರಿ, ಪರದೇಶದ ಒಂದು ಆಟವನ್ನು ಕಲಿತಿದ್ದಾರೆ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಬಾಯಿಮಾತಿನಲ್ಲಿಯೇ ಕಥೆ ಕಟ್ಟುತ್ತ ಹೋಗುವ ಆಟ ಅದು. ಒಬ್ಬನು ಸೂತ್ರಧಾರನಂತೆ ಸನ್ನಿವೇಶಗಳನ್ನು ಒಡ್ಡುತ್ತಾನೆ. ‘ಮುಂದೆ ಕಾಡು, ಬಲಕ್ಕೆ ಪಾಳು ಗುಡಿ, ಏನು ಮಾಡುವಿರಿ?’ ಎಂದು ಕೇಳುತ್ತಾನೆ. ಉಳಿದವರು ತಮ್ಮ ಪಾತ್ರಕ್ಕೆ ತಕ್ಕಂತೆ ಉತ್ತರ ಕೊಡುತ್ತಾರೆ. ಸೋಲು ಗೆಲುವುಗಳನ್ನು ದಾಳ ನಿರ್ಣಯಿಸುತ್ತದೆ. ಸಾಹಸ ಮಾಡಿದಂತೆಲ್ಲ ಪಾತ್ರವು ಒಂದೊಂದೇ ಮೆಟ್ಟಿಲು ಏರುತ್ತದೆ. ಆ ಮೆಟ್ಟಿಲುಗಳಿಗೆ ಕನ್ನಡದಲ್ಲಿ ಹೆಸರುಗಳನ್ನು ಕೊಡಬೇಕೆಂದು ವಿದ್ಯಾರ್ಥಿಗಳು ನನ್ನನ್ನು ಕೇಳಿದರು. ಕೇಳಿದುದು ಚಿಕ್ಕದು, ಯೋಚಿಸುತ್ತ ಹೋದರೆ ನಮ್ಮ ಚರಿತ್ರೆಯ ಅರ್ಧವೇ ಅದರಲ್ಲಿ ಸಿಕ್ಕಿಕೊಂಡಿರುವಂತೆ ಕಂಡಿತು.

ಆಟದ ಬಿರುದುಗಳು

ಈ ಬಗೆಯ ಆಟಗಳಿಗೆಲ್ಲ ಮೂಲ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನರು ಇದನ್ನು ರೂಪಿಸಿ 1974ರಲ್ಲಿ ಮೂರು ಕಿರುಪುಸ್ತಕಗಳಾಗಿ ಹೊರತಂದರು. ಅದರಲ್ಲಿ ಯೋಧನ ಮೆಟ್ಟಿಲುಗಳಿಗೆಲ್ಲ ಹೆಸರುಗಳಿದ್ದವು. ಮೊದಲನೆಯದು ವೆಟರನ್, ಎರಡನೆಯದು ವಾರಿಯರ್, ನಾಲ್ಕನೆಯದು ಹೀರೊ, ಏಳನೆಯದು ಚಾಂಪಿಯನ್, ಎಂಟನೆಯದು ಸೂಪರ್‌ಹೀರೊ, ಒಂಬತ್ತನೆಯದು ಲಾರ್ಡ್. ಮಂತ್ರವಾದಿಗೂ ಪುರೋಹಿತನಿಗೂ ಬೇರೆ ಬೇರೆ ಪಟ್ಟಿಗಳು. ಪುರೋಹಿತನ ಪಟ್ಟಿಯಲ್ಲಿ ಬಿಷಪ್ ಎಂಬುದರ ಮೇಲಿನ ಮೆಟ್ಟಿಲು ಲಾಮಾ! ರೋಮಿನ ಮಠಾಧಿಪತಿಯ ನೆತ್ತಿಯ ಮೇಲೆ ಟಿಬೆಟ್ಟಿನ ಸನ್ಯಾಸಿಯನ್ನು ಕೂಡಿಸಿದ ಈ ಧಾರಾಳವನ್ನು ಕಂಡು ನಗು ಬರುವುದು ಸಹಜ. ನಿಘಂಟನ್ನು ಮುಂದಿಟ್ಟುಕೊಂಡು ಕೈಗೆ ಸಿಕ್ಕ ಹೆಸರುಗಳನ್ನು ಪೋಣಿಸಿದಂತೆ ತೋರುತ್ತದೆ.

ಆದರೆ ಎಲ್ಲ ಹೆಸರುಗಳೂ ಹಾಗಲ್ಲ. ಇದಕ್ಕೆ ಹಿಂದೆ, 1971ರಲ್ಲಿ, ಗೈಗ್ಯಾಕ್ಸ್ ಜೆಫ್ ಪೆರೆನ್ ಎಂಬುವರ ಜೊತೆಗೂಡಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಬರೆದಿದ್ದರು. ಅದರಲ್ಲಿ ಹೀರೊ ಎಂದರೆ ನಾಲ್ವರು ಸೈನಿಕರಿಗೆ ಸಮನಾಗಿ ಹೋರಾಡಬಲ್ಲವನು. ಸೂಪರ್‌ಹೀರೊ ಎಂಟು ಮಂದಿಗೆ ಸಮ. ಹೊಸ ಆಟದಲ್ಲಿ ಇವರು ನಾಲ್ಕನೆಯ ಮತ್ತು ಎಂಟನೆಯ ಮೆಟ್ಟಿಲಿನಲ್ಲಿ ನಿಂತುದು ಆಕಸ್ಮಿಕವಲ್ಲ. ಅಲ್ಲಿ ಹೆಸರಿನ ಹಿಂದೆ ಒಂದು ತೂಕವಿತ್ತು. ಅಂತೆಯೇ ಲಾರ್ಡ್ ಆದವನು ಕೋಟೆ ಕಟ್ಟಿ, ಸುತ್ತಲಿನ ನೆಲವನ್ನು ಕಾಪಾಡಿ, ಅಲ್ಲಿಯ ಜನರಿಂದ ಕಂದಾಯ ಎತ್ತಬಹುದಾಗಿತ್ತು. 1978ರ ಪುಸ್ತಕದಲ್ಲಿ ಡ್ರೂಯಿಡ್ ಎಂಬ ವನವಾಸಿ ಅರ್ಚಕರ ಮೇಲಿನ ಪದವಿಗಳಿಗೆ ಮಿತಿಯೇ ಇದ್ದಿತು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಂಬತ್ತು ಮಂದಿ, ಹದಿಮೂರನೆಯದರಲ್ಲಿ ಮೂವರು, ಹದಿನಾಲ್ಕನೆಯದರಲ್ಲಿ ಒಬ್ಬನೇ. ಮೇಲೇರಬೇಕೆನ್ನುವವನು ಅಲ್ಲಿ ಈಗಾಗಲೇ ಇರುವವನನ್ನು ಗೆದ್ದೇ ಏರಬೇಕು.

ಹೀಗೆ ಕೆಲವು ಹೆಸರುಗಳಿಗೆ ಕೆಲಸವಿತ್ತು. ಬಹುಪಾಲು ಹೆಸರುಗಳು ಅಲಂಕಾರಕ್ಕಷ್ಟೆ ಇದ್ದವು. ಆಡುವವರು ‘ನನ್ನ ಪಾತ್ರ ಆರನೆಯ ಮೆಟ್ಟಿಲಿನಲ್ಲಿದೆ’ ಎನ್ನುತ್ತಿದ್ದರೇ ಹೊರತು ಅದರ ಬಿರುದನ್ನು ನೆನೆಯುತ್ತಿರಲಿಲ್ಲ. 1989ರಲ್ಲಿ ಆಟದ ಎರಡನೆಯ ಪರಿಷ್ಕರಣ ಹೊರಬಂದಾಗ ಮೆಟ್ಟಿಲುಗಳ ಹೆಸರಿನ ಪಟ್ಟಿಗಳನ್ನು ಕೈಬಿಡಲಾಯಿತು. ಅಂಕೆ ಉಳಿಯಿತು. ಕೆಲಸವಿಲ್ಲದ ಬಿರುದು ಬಹುಕಾಲ ನಿಲ್ಲುವುದಿಲ್ಲವೆಂಬುದು ಮೊದಲನೆಯ ಪಾಠ.

ಆಟ ಕಟ್ಟಿದ ಅರಸು

ಈ ಪಾಠಕ್ಕಾಗಿ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಊರಿಗೆ ಹೆಸರು ಕೊಟ್ಟ ಅರಸನೇ ಆಟಗಳ ದೊಡ್ಡ ರಸಿಕ. ಅರಿಕುಠಾರವೆಂದಿದ್ದ ಊರನ್ನು ತಂದೆ ಚಾಮರಾಜ ಒಡೆಯರ ಹೆಸರಿನಲ್ಲಿ 1818ರಲ್ಲಿ ಚಾಮರಾಜನಗರವೆಂದು ಕರೆದು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ತಂದೆ ಹುಟ್ಟಿದ ಸ್ಥಳದ ಗುರುತಾಗಿ ಜನನಮಂಟಪ ಇಂದಿಗೂ ಇದೆ. ಈ ಅರಸರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಆಟಗಳಿಗೆ ಅಲ್ಲಿ ಎಡೆಯುಂಟು. ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಿಗೂ ಒಮ್ಮೊಮ್ಮೆ ಮಾತ್ರ ಮುಟ್ಟಿಸುವ ನಡೆಗಳನ್ನು ಅವರು ರಚಿಸಿದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ‘ಛದ’ಗಳನ್ನು ಕಲ್ಪಿಸಿದರು. ವಾಡಿಕೆಯ ದಶಾವತಾರ ಗಂಜೀಫಾದಲ್ಲಿ ಒಂದೊಂದು ಬಣ್ಣಕ್ಕೆ ಹತ್ತು ಅಂಕೆಯ ಎಲೆಗಳು, ರಾಜ ಮಂತ್ರಿಗಳೆಂಬ ಎರಡು ಚಿತ್ರದ ಎಲೆಗಳು, ಒಟ್ಟು 120. ಮುಮ್ಮಡಿಯವರ ಛದಗಳಲ್ಲಿ ಒಂದು ಬಣ್ಣಕ್ಕೆ ಸಾಮಾನ್ಯವಾಗಿ ಹನ್ನೆರಡು ಅಂಕೆಯವು, ಆರು ಪದವಿಯವು. ಕಟ್ಟು 360 ಎಲೆಗಳವರೆಗೂ ಬೆಳೆದುದುಂಟು. ಪದವಿಗಳು ಬೆಳೆದವು, ಆಡಬಲ್ಲವರು ಬೆಳೆಯಲಿಲ್ಲ. ಆ ಆಟಗಳು ಜನಸಾಮಾನ್ಯರ ಜಗಲಿಗೆ ಇಳಿಯಲಿಲ್ಲ.

1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರವರೆಗೆ ಬದುಕಿದ ಅರಸರಿಗೆ ಮಹಾರಾಜರೆಂಬ ಬಿರುದು ಉಳಿಯಿತು, ಆಳುವ ಕೆಲಸ ಉಳಿಯಲಿಲ್ಲ. ಆಡಳಿತವಿಲ್ಲದ ಅರಸರ ಅರಮನೆಯಲ್ಲಿ ರಾಜ ಮಂತ್ರಿಗಳ ಆಟಗಳು ಇಷ್ಟು ಸೊಗಸಾಗಿ ಅರಳಿದುದನ್ನು ನೆನೆದಾಗ ಮನಸ್ಸು ಒಂದು ಕ್ಷಣ ಮೌನವಾಗುತ್ತದೆ.

ಹೆಸರುಳ್ಳ ಮೆಟ್ಟಿಲಿನ ಆಟ ಜನರಲ್ಲಿಯೂ ಇತ್ತು. ವೈಕುಂಠ ಏಕಾದಶಿಯ ಜಾಗರಣೆಗೆ ಹರಡುತ್ತಿದ್ದ ಪರಮಪದ ಸೋಪಾನದ ಪಟವನ್ನು ಹಿರಿಯರು ಬಲ್ಲರು. ಅಲ್ಲಿ ಮನೆಗಳಿಗೆ ಗುಣದುರ್ಗುಣಗಳ, ಲೋಕಗಳ ಹೆಸರುಗಳಿದ್ದವು. ಸದ್ಗುಣದ ಮನೆಗೆ ಬಂದವನಿಗೆ ಏಣಿ, ದುರ್ಗುಣದ ಮನೆಗೆ ಬಂದವನಿಗೆ ಹಾವಿನ ಬಾಯಿ. ಈ ಬಗೆಯ ಆಟ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಕಾಲಕ್ರಮದಲ್ಲಿ ಹೆಸರುಗಳು ಅಳಿಸಿಹೋಗಿ ಒಂದರಿಂದ ನೂರರವರೆಗಿನ ಅಂಕೆಗಳು ಮಾತ್ರ ನಿಂತವು. ಈಗಿನ ಮಗುವಿಗೆ ಹಾವು ಏಕೆ ಕಚ್ಚಿತೆಂಬುದು ತಿಳಿಯದು. ಕಚ್ಚಿತು, ಇಳಿದೆ, ಅಷ್ಟೆ. ಅರ್ಥವಿದ್ದ ಹೆಸರನ್ನು ಕಿತ್ತರೆ ಆಟ ಬಡವಾಗುತ್ತದೆಂಬುದು ಎರಡನೆಯ ಪಾಠ.

ಬಿರುದು ಬಂದ ದಾರಿ

ಹಾಗಾದರೆ ಒಳ್ಳೆಯ ಬಿರುದು ಯಾವುದು? ಸಾಹಿತ್ಯದ ವಿದ್ಯಾರ್ಥಿಗಳು ಇದಕ್ಕೆ ಚಾವುಂಡರಾಯನನ್ನು ಕೇಳಬೇಕು. ಚಾಮರಾಜನಗರದ ಸೀಮೆಯನ್ನೂ ಒಳಗೊಂಡಿದ್ದ ಗಂಗವಾಡಿಯ ಅರಸರಿಗೆ ಮಂತ್ರಿಯೂ ದಂಡನಾಯಕನೂ ಆಗಿ, ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನು ಅವನು. 978ರಲ್ಲಿ ಬರೆದ ‘ಚಾವುಂಡರಾಯ ಪುರಾಣ’ದಲ್ಲಿ ತನ್ನ ಬಿರುದುಗಳನ್ನು ಎಣಿಸುವಾಗ ಯಾವುದು ಯಾವ ಕಾರಣಕ್ಕೆ ಬಂದಿತೆಂಬುದನ್ನೂ ಅವನು ಹೇಳುತ್ತಾನೆ. ಖೇಡಗದ ಕಾಳಗದಲ್ಲಿ ವಜ್ವಲದೇವನನ್ನು ಗೆದ್ದುದಕ್ಕೆ ಸಮರಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರ ಎದುರು ತೋರಿದ ಪರಾಕ್ರಮಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದುದಕ್ಕೆ ರಣರಂಗಸಿಂಗ. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದುದಕ್ಕೆ ವೈರಿಕುಲಕಾಲದಂಡ. ಹೀಗೆ ರಣಬಿರುದುಗಳು ಸಾಲುಗೊಳ್ಳುತ್ತವೆ. ಅವುಗಳ ಜೊತೆಗೆ ಸತ್ಯಯುಧಿಷ್ಠಿರ ಎಂಬುದೂ ಒಂದುಂಟು. ಅದಕ್ಕೆ ಕಾರಣ ಯಾವ ಕಾಳಗವೂ ಅಲ್ಲ. ಪರಿಹಾಸಕ್ಕೂ ಸುಳ್ಳಾಡದ ನಡತೆ. ಬಿರುದೆಂದರೆ ಹೀಗಿರಬೇಕು. ಕೇಳಿದವನು ‘ಏಕೆ?’ ಎಂದರೆ ಹೇಳುವುದಕ್ಕೆ ಒಂದು ಊರಿನ ಹೆಸರು, ಒಂದು ಕೆಲಸದ ಹೆಸರು ಸಿದ್ಧವಾಗಿರಬೇಕು.

ಮುಂದೆ ಕಾಲ ಸಾಗಿದಂತೆ ಬಿರುದಿಗೂ ಕೆಲಸಕ್ಕೂ ನಡುವಣ ಹುರಿ ಸಡಿಲವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವುದಕ್ಕೆ ಮುಂಚೆ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಕಾವಲಿನಲ್ಲಿದ್ದವರು. ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಗುಡಿಯನ್ನು ಕಟ್ಟಿಸಿದವರು. ಅವರಿಗೆ ‘ಅಪ್ರತಿಮವೀರ’ ಎಂಬ ಬಿರುದು. ತಿರುಮಲಾರ್ಯನ ‘ಅಪ್ರತಿಮವೀರ ಚರಿತ’ವನ್ನು ಹೆಸರು ನೋಡಿ ಕೈಗೆತ್ತಿಕೊಂಡವರು ಚರಿತ್ರೆ ಸಿಗುವುದೆಂದು ಎಣಿಸುತ್ತಾರೆ, ಸಿಗುವುದು ಅಲಂಕಾರಶಾಸ್ತ್ರ. ಒಂದೊಂದು ಅಲಂಕಾರಕ್ಕೂ ಅರಸರ ಹೊಗಳಿಕೆಯೇ ಲಕ್ಷ್ಯ. ಅರಸರು ಸಮರ್ಥರಾಗಿದ್ದರೆಂಬುದು ದಿಟ. ಆದರೆ ಚಾವುಂಡರಾಯನಲ್ಲಿ ಕಾಳಗದ ಫಲವಾಗಿದ್ದ ಬಿರುದು ಇಲ್ಲಿ ಉಪಮೆ ಉತ್ಪ್ರೇಕ್ಷೆಗಳಿಗೆ ನೆಪವಾಯಿತು. ಬಿರುದುಗಳ ಈ ಸಂತೆಯನ್ನು ಕಂಡೇ ಇರಬೇಕು, ಮೈಸೂರು ಅರಸರ ಬಿರುದಾವಳಿಯಲ್ಲಿ ‘ಬಿರುದೆಂತೆಂಬರ ಗಂಡ’ ಎಂಬುದೂ ಸೇರಿದೆ. ತಮಗೆ ಇಂಥ ಬಿರುದುಂಟೆಂದು ಹೇಳಿಕೊಳ್ಳುವವರನ್ನೆಲ್ಲ ಮೀರಿಸಿದವನು ಎಂದು ಅರ್ಥ. ಬಿರುದುಗಳನ್ನು ಅಡಗಿಸಲು ಹುಟ್ಟಿದುದೂ ಕೊನೆಗೆ ಒಂದು ಬಿರುದೇ ಆಯಿತು!

ನಾಣ್ಯ ಸವೆಯುವಂತೆ ಬಿರುದೂ ಸವೆಯುತ್ತದೆ. ವಿಜಯನಗರದ ಕಾಲದಲ್ಲಿ ನಾಯಕನೆಂದರೆ ಒಂದು ಸೀಮೆಯನ್ನೇ ಆಳುವವನು. ಇಂದಿನ ಭಾರತೀಯ ಸೇನೆಯಲ್ಲಿ ನಾಯಕ್ ಎಂದರೆ ಹವಾಲ್ದಾರನಿಗಿಂತ ಕೆಳಗಿನ ದರ್ಜೆ. ಮೊಗಲರ ಸುಬೇದಾರನು ಒಂದು ಸುಬೆಯ ಅಧಿಪತಿ. ಇಂದಿನ ಸುಬೇದಾರನು ಕಮಿಷನ್ಡ್ ಅಧಿಕಾರಿಗಳಿಗಿಂತ ಕೆಳಗಿನ ದರ್ಜೆಯವನು. ಅಕ್ಬರನು ಈ ಸವಕಳಿಯನ್ನು ತಪ್ಪಿಸುವವನಂತೆ ಮನ್ಸಬುದಾರರ ದರ್ಜೆಗೆ ಅಂಕೆಯನ್ನೇ ಇಟ್ಟನು. ಜನ ಬಿಟ್ಟರೆ? ಐದು ಸಾವಿರದ ದರ್ಜೆಯವನನ್ನು ಪಂಚಹಜಾರಿ ಎಂದು ಕರೆದು ಅಂಕೆಯನ್ನೇ ಬಿರುದು ಮಾಡಿಕೊಂಡರು.

ಒಂದು ಪಟ್ಟಿ, ಒಂದು ಮಾತು

ಇಷ್ಟನ್ನು ವಿದ್ಯಾರ್ಥಿಗಳಿಗೆ ಹೇಳಿ, ‘ಮೊದಲು ನೀವೇ ಒಂದು ಪಟ್ಟಿ ಮಾಡಿ ತನ್ನಿರಿ’ ಎಂದೆನು. ಅವರು ಊರಿನಲ್ಲಿ ಕೇಳಿದ ಹೆಸರುಗಳನ್ನೇ ಕೆಳಗಿನಿಂದ ಮೇಲಕ್ಕೆ ಬರೆದು ತಂದರು: ತೋಟಿ, ತಳವಾರ, ಶಾನುಭೋಗ, ಪಟೇಲ, ಅಮಲ್ದಾರ, ದಳವಾಯಿ, ಒಡೆಯ. ನೋಡುವುದಕ್ಕೆ ಅಚ್ಚುಕಟ್ಟಾಗಿತ್ತು. ನಾಯಕರ ಮನೆಯ ಹುಡುಗನೊಬ್ಬ, ‘ನಾಯಕ ಎಂಬುದನ್ನು ಸೇರಿಸಬೇಡಿ, ಸರ್, ಸೇರಿಸಿದರೆ ನಮ್ಮ ಮನೆಯ ಕೂಸೂ ಹುಟ್ಟುತ್ತಲೇ ಎಂಟನೆಯ ಮೆಟ್ಟಿಲಿನಲ್ಲಿ ಕೂರುತ್ತದೆ’ ಎಂದು ನಗಿಸಿದನು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ, ‘ಈ ಪಟ್ಟಿಯ ಮೊದಲನೆಯ ಹೆಸರು ನಮ್ಮ ಮುತ್ತಾತನದು, ಸರ್. ಅವರು ಎರಡನೆಯದಕ್ಕೆ ಏರಲೇ ಇಲ್ಲ. ಅವರ ಅಪ್ಪನೂ ಏರಿರಲಿಲ್ಲ’ ಎಂದಳು.

ಯಾರೂ ನಗಲಿಲ್ಲ.

ಆ ಹುಡುಗಿಯ ಮಾತಿನಲ್ಲಿ ಈ ವಿಚಾರದ ತಿರುಳೆಲ್ಲ ಇದೆ. ನಾವು ಏಣಿಯೆಂದು ಬರೆದುದು ಏಣಿಯಾಗಿರಲಿಲ್ಲ. ಒಂದರ ಮೇಲೊಂದು ಕಟ್ಟಿದ ಅಟ್ಟಗಳಾಗಿತ್ತು. ಅವುಗಳ ನಡುವೆ ಮೆಟ್ಟಿಲೇ ಇರಲಿಲ್ಲ. ತೋಟಿಯ ಮಗ ತೋಟಿ, ಶಾನುಭೋಗರ ಮಗ ಶಾನುಭೋಗರು, ಪಟೇಲರ ಮಗ ಪಟೇಲರು. ಊರಿನ ಈ ವಂಶಪಾರಂಪರ್ಯ ಅಧಿಕಾರಗಳನ್ನು ಅಳಿಸುವುದಕ್ಕೆ 1961ರಲ್ಲಿ ಕಾಯಿದೆಯೇ ಬೇಕಾಯಿತು. 1963ರಲ್ಲಿ ಅದು ಜಾರಿಗೆ ಬಂದಿತು. ಅಧಿಕಾರ ಹೋದರೂ ಹೆಸರುಗಳು ಮನೆತನಗಳಿಗೆ ಅಂಟಿಕೊಂಡು ಉಳಿದವು. ಕೆಲವರು ಅವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ; ಕೆಲವರು ಅದನ್ನು ಮರೆಯಿಸುವುದಕ್ಕಾಗಿಯೇ ಊರು ಬಿಟ್ಟರು.

ನಮ್ಮ ಸಂವಿಧಾನದ ಹದಿನೆಂಟನೆಯ ವಿಧಿಯ ಅರ್ಥ ನನಗೆ ಅಂದು ಹೆಚ್ಚು ಸ್ಪಷ್ಟವಾಯಿತು. ಸರ್ಕಾರ ಬಿರುದುಗಳನ್ನು ಕೊಡಕೂಡದೆಂದು ಆ ವಿಧಿ ಹೇಳುತ್ತದೆ. ಸೇನೆಯ ಮತ್ತು ವಿದ್ಯೆಯ ಪದವಿಗಳಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತಿತು. ಸೇನೆ, ವಿದ್ಯೆ ಈ ಎರಡಕ್ಕೆ ಮಾತ್ರ ಏಕೆ ವಿನಾಯಿತಿ? ಇವೆರಡರಲ್ಲಿಯೂ ಪದವಿಗೆ ಕೆಲಸವಿದೆ. ಪ್ರತಿಯೊಬ್ಬನೂ ಮೊದಲನೆಯ ಮೆಟ್ಟಿಲಿನಿಂದಲೇ ಹೊರಡಬೇಕು. ಸುಬೇದಾರನ ಮಗ ಹುಟ್ಟಿನಿಂದಲೇ ಸುಬೇದಾರನಾಗುವುದಿಲ್ಲ. ಎಂ.ಎ. ಆದ ತಂದೆಯ ಮಗಳು ಒಂದನೆಯ ತರಗತಿಯಲ್ಲಿ ಅ, ಆ ತಿದ್ದಲೇಬೇಕು. ವಿದ್ಯಾರ್ಥಿಗಳ ಆಟದಲ್ಲಿಯೂ ನ್ಯಾಯ ಇದೇ. ಮೇಜಿನ ಸುತ್ತ ಕುಳಿತವರಲ್ಲಿ ಯಾರ ಪಾತ್ರವೂ ಹುಟ್ಟಿನಿಂದ ದಳವಾಯಿಯಲ್ಲ. ಆಟ ಅವರನ್ನು ಸೆಳೆದುದಕ್ಕೆ ಇದೂ ಒಂದು ಕಾರಣವಿರಬಹುದು.

ಯಾವ ಹೆಸರು?

ಊರಿನ ಅಧಿಕಾರದ ಹೆಸರುಗಳು ಬೇಡವೆಂದಾಯಿತು. ನಮ್ಮ ಸೀಮೆಯ ಭಕ್ತಿಪರಂಪರೆಗಳಿಂದ ತೆಗೆದುಕೊಳ್ಳೋಣವೇ ಎಂದು ಒಬ್ಬನು ಕೇಳಿದನು. ಅವು ಎಷ್ಟು ಸೊಗಸಾದ ಹೆಸರುಗಳು! ಮಲೆಯ ಮಾದೇಶ್ವರನನ್ನು ಕಂಸಾಳೆ ಹಿಡಿದು ಹಾಡುವವರು ದೇವರಗುಡ್ಡರು. ಮಂಟೇಸ್ವಾಮಿಯ ಪರಂಪರೆಯವರು ನೀಲಗಾರರು. ಆ ಮಹಾಕಾವ್ಯದಲ್ಲಿ ಹೆಸರು ಬದಲಾಗುವ ಘಳಿಗೆಯೂ ಬರುತ್ತದೆ. ಕೆಂಪಾಚಾರಿ ಎಂಬ ಬಾಲಕ ಸ್ವಾಮಿಯ ಕಠಿನ ಪರೀಕ್ಷೆಗಳನ್ನು ದಾಟಿ ಸಿದ್ದಪ್ಪಾಜಿಯಾಗುತ್ತಾನೆ. ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಹೆಸರನ್ನು ಸಂಪಾದಿಸುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಜಿಲ್ಲೆಯಲ್ಲಿ ಬೇರೆ ಸಿಕ್ಕದು. ಆದರೂ ನಾನು ಬೇಡವೆಂದೆನು. ನೀಲಗಾರ, ದೇವರಗುಡ್ಡ ಎಂಬುವು ದೀಕ್ಷೆ ಪಡೆದು ಇಂದೂ ಹಾಡುತ್ತಿರುವವರ ಹೆಸರುಗಳು. ಅವರ ನೇಮವನ್ನು ದಾಳದ ಕೈಗೆ ಕೊಡಬಾರದು. ಬಿಷಪ್ಪನ ಮೇಲೆ ಲಾಮಾನನ್ನು ಕೂಡಿಸಿದವರನ್ನು ನೋಡಿ ನಗುವ ನಾವು ಅದೇ ಧಾರಾಳವನ್ನು ನಮ್ಮ ನೆರೆಯವರ ಮೇಲೆ ತೋರಬಾರದಷ್ಟೆ.

ಉಳಿದುದು ಹಳೆಯ ಕನ್ನಡದ ಭಂಡಾರ. ಆಳು, ಬಂಟ, ಕಟ್ಟಾಳು, ಕಲಿ, ಗಂಡುಗಲಿ. ಯಾವ ಜಾತಿಗೂ ಅಂಟದೆ ಗುಣವನ್ನು ಮಾತ್ರ ಹೇಳುವ ಮಾತುಗಳು. ಶಾಸನಗಳಲ್ಲಿ ಬರುವ ‘ವೇಳೆವಾಳಿ’ ಎಂಬುದು ಒಡೆಯನಿಗಾಗಿ ಪ್ರಾಣ ಕೊಡುವ ಪಣ ತೊಟ್ಟವನ ಹೆಸರು. ಇದನ್ನು ಪಟ್ಟಿಯಲ್ಲಿ ಮೊದಲೇ ಅಚ್ಚು ಹಾಕಬಾರದು. ಕಥೆಯಲ್ಲಿ ಅಂಥ ಪಣ ತೊಟ್ಟ ಪಾತ್ರಕ್ಕೆ ಮಾತ್ರ ಸಲ್ಲಬೇಕು. ಈ ಮಾತು ಬಂದಾಗ ದಾರಿ ತಾನೇ ತೆರೆಯಿತು. ಲೆಕ್ಕಕ್ಕೆ ಅಂಕೆ ಇರಲಿ. ಅದು ದಾಳಕ್ಕೆ ಬೇಕು. ಬಿರುದನ್ನು ಮಾತ್ರ ಪುಸ್ತಕ ಕೊಡದಿರಲಿ, ಜೊತೆಗಾರರು ಕೊಡಲಿ. ಪಾತ್ರವೊಂದು ಮೆಟ್ಟಿಲು ಏರಿದಾಗ, ಅದು ಏತಕ್ಕಾಗಿ ಏರಿತೆಂಬುದನ್ನು ನೆನೆದು, ಮೇಜಿನ ಸುತ್ತಲಿನವರು ಒಂದು ಹೆಸರು ಕಟ್ಟಲಿ. ತುಂಬಿದ ಹೊಳೆಯಲ್ಲಿ ಗೆಳೆಯನನ್ನು ದಾಟಿಸಿದವನು ‘ಹೊಳೆಗಲಿ’. ಹಗೆಯ ಬೀಡಿನಲ್ಲಿಯೂ ಸುಳ್ಳಾಡದವಳು ‘ನನ್ನಿನುಡಿ’. ಇದು ಹೊಸ ಉಪಾಯವಲ್ಲ, ಚಾವುಂಡರಾಯನ ಪದ್ಧತಿಯೇ. ಇದರಿಂದ ವಿದ್ಯಾರ್ಥಿಗಳಿಗೆ ಇನ್ನೊಂದು ಲಾಭವೂ ಆಗಿದೆ: ಸಮಾಸಪ್ರಕರಣವನ್ನು ನಾನು ಹೇಳಿಕೊಡುವುದಕ್ಕೆ ಮುಂಚೆಯೇ ಅರಿಸಮಾಸಗಳ ವಿಷಯದಲ್ಲಿ ಅವರು ಜಗಳವಾಡುತ್ತಿದ್ದಾರೆ.

ಕಡೆಗೆ ಒಂದು ಹೆಸರನ್ನು ನೆನೆಯಬೇಕು. ಅಪ್ರತಿಮವೀರ ಚಿಕ್ಕದೇವರಾಜರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದ ಹೆಂಗಸೊಬ್ಬಳಿದ್ದಳು. ನಮ್ಮ ಜಿಲ್ಲೆಯ ಯಳಂದೂರಿನವಳು. ಅವಳ ಊಳಿಗವೇ ಅವಳ ಹೆಸರಿಗೆ ಸೇರಿಕೊಂಡಿತು. ಊಳಿಗದ ಏಣಿಯಲ್ಲಿ ಅದು ಎತ್ತರದ ಮೆಟ್ಟಿಲಲ್ಲ. ಅವಳು ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಅರಸರ ಬಿರುದು ಇಂದು ಪಂಡಿತರ ಟಿಪ್ಪಣಿಗಳಲ್ಲಿದೆ. ಸಂಚಿಯ ಹೊನ್ನಮ್ಮ ಎಂಬ ಹೆಸರು ಶಾಲೆಯ ಮಕ್ಕಳ ಬಾಯಲ್ಲಿದೆ. ‘ಸಂಚಿ’ ಎಂಬ ಮಾತು 1974ರ ಪುಸ್ತಕದ ಯಾವ ಪಟ್ಟಿಯಲ್ಲಿಯೂ ಬಿರುದಾಗಿರಲಾರದು. ಅದನ್ನು ಬಿರುದಾಗಿಸಿದವಳು ಹೊನ್ನಮ್ಮನೇ.